ಒಂದಂಕಣದ ಮನೆಗಳ ಹನೋಯಿ

ವಿಯೆಟ್ನಾಮಿನ ರಾಜಧಾನಿ ಹನೋಯಿಯ ಸ್ವರೂಪವನ್ನು ತಿಳಿಯಬೇಕಾದರೆ ಅಲ್ಲಿನ ಅರಮನೆ, ಗುಡಿ, ಗೋಪುರಗಳಿಗಿಂತ ಮೊದಲು ಹಳೆಯ ಪೇಟೆಯ ಒಂದು ಸಾಧಾರಣ ಮನೆಯನ್ನು ಅಳೆದು ನೋಡಬೇಕು. ಬೀದಿಗೆ ತೆರೆದುಕೊಳ್ಳುವ ಅದರ ಮುಂಭಾಗ ಸಾಮಾನ್ಯವಾಗಿ 2ರಿಂದ 4 ಮೀಟರ್ ಅಗಲವಿರುತ್ತದೆ, ಎಂದರೆ ಕನ್ನಡ ನಾಡಿನ ಹಳೆಯ ಮನೆಗಳ ಲೆಕ್ಕದಲ್ಲಿ ಒಂದು ಅಂಕಣ, ಹೆಚ್ಚೆಂದರೆ ಎರಡು. ಹಿಂದಕ್ಕೆ ಮಾತ್ರ ಅದು 20, 40, ಕೆಲವೆಡೆ 60 ಮೀಟರುಗಳವರೆಗೂ ಚಾಚಿಕೊಂಡಿರುತ್ತದೆ. ವಿಯೆಟ್ನಾಮೀಯರು ಇದನ್ನು ‘ಞಾ ಓಂಗ್’, ಅಂದರೆ ಕೊಳವೆ ಮನೆ ಎನ್ನುತ್ತಾರೆ. ಬೀದಿಗೆ ಮುಖ ಮಾಡಿದ ಜಾಗವಿದ್ದರೆ ಮಾತ್ರ ವ್ಯಾಪಾರ ನಡೆಯುತ್ತಿದ್ದ ಕಾಲದಲ್ಲಿ ಪ್ರತಿ ಕುಟುಂಬಕ್ಕೂ ಆ ಜಾಗದ ಒಂದು ತುಂಡು ಬೇಕಾಗಿತ್ತು, ತೆರಿಗೆಯನ್ನು ಅಂಗಡಿಯ ಮುಂಭಾಗದ ಅಗಲವನ್ನು ನೋಡಿ ಹಾಕುತ್ತಿದ್ದರು, ತಲೆಮಾರು ಕಳೆದಂತೆ ಪಾಲಾದಾಗ ಇದ್ದ ಅಗಲವೇ ಮತ್ತೆ ಸೀಳುತ್ತಿತ್ತು. ಹೀಗಾಗಿ ಮನೆ ಬೆಳೆಯಬಹುದಾದ ದಿಕ್ಕು ಹಿಂದಕ್ಕೆ ಮಾತ್ರ ಉಳಿಯಿತು.

ಇಂಥ ಮನೆಯ ಒಳವಿನ್ಯಾಸದಲ್ಲಿ ಎದ್ದು ಕಾಣುವ ಜಾಣ್ಮೆಯಿದೆ. ಮುಂದೆ ಅಂಗಡಿ, ಅದರ ಹಿಂದೆ ಗಾಳಿ ಬೆಳಕು ಇಳಿಯಲೆಂದು ಬಿಟ್ಟ ತೆರೆದ ಅಂಗಳ, ಅದರಾಚೆ ವಾಸದ ಕೋಣೆಗಳು ಅಥವಾ ಸರಕು ಸಂಗ್ರಹ, ಮತ್ತೊಂದು ಅಂಗಳ, ಕಟ್ಟಕಡೆಗೆ ಅಡುಗೆಮನೆ ಮತ್ತು ಬಚ್ಚಲು. ಮಹಡಿಯ ಮೇಲಿನ ಶಾಂತವಾದ ಕೋಣೆಯಲ್ಲಿ ಪಿತೃಗಳ ಪೂಜಾಪೀಠ. ಹಳೆಯ ಪೇಟೆಯ ಮಾ ಮೇ ಬೀದಿಯ 87ನೆಯ ಸಂಖ್ಯೆಯ ಮನೆಯನ್ನು ಫ್ರಾನ್ಸಿನ ತುಲೂಸ್ ನಗರದ ಸಹಕಾರದಿಂದ 1999ರಲ್ಲಿ ಜೀರ್ಣೋದ್ಧಾರ ಮಾಡಿ ನೋಡುಗರಿಗೆ ತೆರೆದಿಡಲಾಗಿದೆ. ಅಂಗಡಿಯ ನೆರಳನ್ನು ದಾಟಿ ಮೊದಲ ಅಂಗಳಕ್ಕೆ ಬಂದಾಗ ಬೀದಿಯ ಸದ್ದು ಎಷ್ಟು ಬೇಗ ಹಿಂದೆ ಸರಿಯುತ್ತದೆಂಬುದನ್ನು ಅಲ್ಲಿ ಯಾರಾದರೂ ಅನುಭವಿಸಬಹುದು. ಆದರೆ ಫ್ರೆಂಚರ ಆಳ್ವಿಕೆ ಕೊನೆಗೊಂಡ 1954ರ ನಂತರದ ದಶಕಗಳಲ್ಲಿ ಒಂದೊಂದು ಕೊಳವೆ ಮನೆಯನ್ನೂ ಹಲವು ಕುಟುಂಬಗಳು ಹಂಚಿಕೊಳ್ಳಬೇಕಾಯಿತೆಂಬುದನ್ನೂ, ಅಂಗಳಗಳ ಮೇಲೆ ಚಾವಣಿ ಬಂದು ಎಷ್ಟೋ ಕೋಣೆಗಳು ಬೆಳಕಿಲ್ಲದ ಗೂಡುಗಳಾದುವೆಂಬುದನ್ನೂ ನೆನಪಿನಲ್ಲಿಡಬೇಕು; ಚೊಕ್ಕಟವಾಗಿ ಕಾಪಾಡಿದ ಒಂದು ಮನೆ ಉಳಿದ ನೂರಾರು ಮನೆಗಳ ಇಕ್ಕಟ್ಟನ್ನು ಹೇಳಲಾರದು.

ಈ ಮನೆಗಳು ಸಾಲುಗೂಡಿದ ಪ್ರದೇಶವೇ ‘ಮೂವತ್ತಾರು ಬೀದಿ’ಗಳೆಂದು ಹೆಸರಾದ ಹಳೆಯ ಪೇಟೆ. ಬೀದಿಗಳ ನಿಜವಾದ ಸಂಖ್ಯೆ ಮೂವತ್ತಾರಕ್ಕಿಂತ ಹೆಚ್ಚು. ಬಹುತೇಕ ಬೀದಿಗಳ ಹೆಸರು ‘ಹಾಂಗ್’, ಅಂದರೆ ಸರಕು, ಎಂಬ ಮಾತಿನಿಂದ ಆರಂಭವಾಗಿ, ಅಲ್ಲಿ ಮಾರುತ್ತಿದ್ದ ವಸ್ತುವಿನ ಹೆಸರಿನೊಂದಿಗೆ ಮುಗಿಯುತ್ತದೆ: ಹಾಂಗ್ ಬಾಕ್ ಬೆಳ್ಳಿಯ ಬೀದಿ, ಹಾಂಗ್ ಥಿಯೆಕ್ ತಗಡಿನ ಬೀದಿ. ಈ ಬೀದಿಗಳು ಹುಟ್ಟಿದ್ದು ಸುತ್ತಲಿನ ಹಳ್ಳಿಗಳಿಂದ. ಒಂದು ಕಸುಬಿನ ಹಳ್ಳಿಯವರು ರಾಜಧಾನಿಗೆ ಬಂದು ಒಂದೇ ಬೀದಿಯಲ್ಲಿ ನೆಲೆಸಿ, ತಮ್ಮ ಊರಿನ ದೇವರನ್ನೂ ಕಸುಬಿನ ಮೂಲಪುರುಷನನ್ನೂ ಜೊತೆಗೇ ತಂದು ‘ದಿನ್’ ಎಂಬ ಸಮುದಾಯ ಮಂದಿರವನ್ನು ಕಟ್ಟಿಕೊಳ್ಳುತ್ತಿದ್ದರು. ಹಾಂಗ್ ಬಾಕ್ ಬೀದಿಯ ಬೆಳ್ಳಿ ಎರಕದವರು ಚೌ ಖೇ ಎಂಬ ಹಳ್ಳಿಯವರು. ಅವರ ಕಿಮ್ ಙನ್ ಮಂದಿರ ಇಂದಿಗೂ ಅದೇ ಬೀದಿಯಲ್ಲಿದೆ. ಹೀಗೆ ಬಂದವರೆಲ್ಲ ಹತ್ತಿರದವರೇ ಆಗಿರಲಿಲ್ಲ: ಹಾಂಗ್ ಲ್ಯೋಕ್ ಬೀದಿಯಲ್ಲಿರುವ ಮಸೀದಿಯನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿಸಿದವರು ಭಾರತದಿಂದ ಹೋಗಿ ನೆಲೆಸಿದ್ದ ವ್ಯಾಪಾರಿಗಳು.

ಕಸುಬುಗಳಲ್ಲಿ ಎಷ್ಟೋ ಮಾಯವಾಗಿ ಬೀದಿಯ ಹೆಸರಷ್ಟೇ ಉಳಿದಿದೆ. ಸೆಣಬಿನ ಹುರಿಯ ಹೆಸರಿನ ಹಾಂಗ್ ಗಾಯ್ ಈಗ ರೇಷ್ಮೆಯ ಬೀದಿ. ಆದರೆ ಹಾಂಗ್ ಥಿಯೆಕ್‌ನಲ್ಲಿ ತಗಡು ಬಡಿಯುವ ಸದ್ದು ನಿಂತಿಲ್ಲ, ಪ್ರಸಿದ್ಧ ವೈದ್ಯನೊಬ್ಬನ ಹೆಸರಿನ ಲಾನ್ ಓಂಗ್ ಬೀದಿಯಲ್ಲಿ ಒಣಗಿದ ಬೇರು ತೊಗಟೆಗಳ ವಾಸನೆ ಹೋಗಿಲ್ಲ. ಹಳತು ಹೊಸತುಗಳು ಹೇಗೆ ಬೆರೆಯುತ್ತವೆಂಬುದನ್ನು ಕಾಣಲು ಎಲ್ಲಕ್ಕಿಂತ ಒಳ್ಳೆಯ ಜಾಗವೆಂದರೆ ಹಾಂಗ್ ಮಾ. ಪಿತೃಗಳಿಗೆ ಸಲ್ಲಬೇಕಾದ ವಸ್ತುಗಳನ್ನು ಕಾಗದದಲ್ಲಿ ಮಾಡಿ ಸುಡುವುದು ವಿಯೆಟ್ನಾಮೀಯರ ಪ್ರಾಚೀನ ಆಚಾರ. ಆ ಕಾಗದದ ವಸ್ತುಗಳು ಇಲ್ಲಿ ಮಾರಾಟವಾಗುತ್ತವೆ. ಹಿಂದೆ ಕಾಗದದ ಕುದುರೆ, ಉಡುಪು, ಹಣಗಳಿದ್ದಲ್ಲಿ ಈಗ ಅವುಗಳ ಜೊತೆಗೆ ಕಾಗದದ ಸ್ಮಾರ್ಟ್‌ಫೋನು, ಸ್ಕೂಟರು, ಮಹಡಿ ಮನೆಗಳೂ ಸಿಗುತ್ತವೆ. ಆಚಾರ ಎಳ್ಳಷ್ಟೂ ಸಡಿಲವಾಗದೆ ಅದರೊಳಗಿನ ವಸ್ತುಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ, ಏಕೆಂದರೆ ಅಗಲಿದವರಿಗೆ ಬದುಕಿರುವವರಿಗಿಂತ ಕಡಿಮೆಯಾದುದನ್ನು ಕೊಡಲು ಯಾವ ಮನೆಯವರಿಗೂ ಮನಸ್ಸು ಬರುವುದಿಲ್ಲ.

ಪೇಟೆ ಬೆಳೆದದ್ದು ಕೋಟೆಯ ಆಶ್ರಯದಲ್ಲಿ. 1010ರಲ್ಲಿ ಲೀ ಥಾಯ್ ತೊ ಎಂಬ ದೊರೆ ಬೆಟ್ಟಗಳ ನಡುವಿನ ಹೋವಾ ಲು ಎಂಬಲ್ಲಿಂದ ಕೆಂಪು ನದಿಯ ಬಯಲಿಗೆ ರಾಜಧಾನಿಯನ್ನು ಸ್ಥಳಾಂತರಿಸಿ, ಅದಕ್ಕೆ ‘ಮೇಲೇರುವ ಡ್ರ್ಯಾಗನ್’ ಎಂಬ ಅರ್ಥದ ಥಾಂಗ್ ಲಾಂಗ್ ಎಂಬ ಹೆಸರಿಟ್ಟನು. 19ನೆಯ ಶತಮಾನದ ಆರಂಭದಲ್ಲಿ ರಾಜಧಾನಿ ಹ್ವೇ ನಗರಕ್ಕೆ ಹೋಯಿತು. 1831ರಲ್ಲಿ ‘ನದಿಗಳ ಒಳನಾಡು’ ಎಂಬ ಅರ್ಥದ ಇಂದಿನ ಹೆಸರು ಬಂತು. 19ನೆಯ ಶತಮಾನದ ಕೊನೆಯಲ್ಲಿ ಫ್ರೆಂಚರು ಕೋಟೆಯ ಗೋಡೆಗಳನ್ನು ಕೆಡವಿದರು. ಥಾಂಗ್ ಲಾಂಗಿನ ಅರಮನೆಗಳು ನೆಲದಡಿ ಎಷ್ಟರಮಟ್ಟಿಗೆ ಉಳಿದಿವೆಯೆಂಬುದು ತಿಳಿದದ್ದು ಹೊಸ ಕಟ್ಟಡವೊಂದರ ದೆಸೆಯಿಂದ. ರಾಷ್ಟ್ರೀಯ ಶಾಸನಸಭೆಯ ಭವನಕ್ಕಾಗಿ ಹೋವಾಂಗ್ ಜಿಯೆವ್ ಬೀದಿಯಲ್ಲಿ 2002ರ ಕೊನೆಯಲ್ಲಿ ಆರಂಭವಾದ ಉತ್ಖನನದಲ್ಲಿ ಒಂದರ ಮೇಲೊಂದು ಪದರವಾಗಿ 7ನೆಯ ಶತಮಾನದಿಂದ 19ನೆಯ ಶತಮಾನದವರೆಗಿನ ಅಡಿಪಾಯ, ಬಾವಿ, ಚರಂಡಿ, ಕಂಬದ ಬುಡ, ಡ್ರ್ಯಾಗನ್ ಮತ್ತು ಫೀನಿಕ್ಸ್ ಪಕ್ಷಿಯ ಚಿತ್ರವಿರುವ ಹೆಂಚುಗಳು ಹೊರಬಂದುವು. ಒಂದು ರಾಜವಂಶದ ಕಂಬದ ಗುಂಡಿಯನ್ನು ಮುಂದಿನ ರಾಜವಂಶದ ಚರಂಡಿ ಕಡಿದು ಹೋಗಿರುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಉತ್ಖನನದ ಬಹುಭಾಗವನ್ನು ಹಾಗೆಯೇ ಉಳಿಸಿ, ಭವನವನ್ನು ಪಕ್ಕದಲ್ಲಿ ಕಟ್ಟಿ, ಅದರ ತಳಮಾಳಿಗೆಯಲ್ಲಿ ಅದೇ ಜಾಗದಲ್ಲಿ ದೊರೆತ ವಸ್ತುಗಳ ಸಂಗ್ರಹಾಲಯವನ್ನು ಇರಿಸಲಾಗಿದೆ. ನಗರಕ್ಕೆ ಸಾವಿರ ವರ್ಷ ತುಂಬಿದ 2010ರಲ್ಲಿ ಯುನೆಸ್ಕೊ ಈ ಕೋಟೆ ಪ್ರದೇಶವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಆವರಣದಲ್ಲಿ, ದೊರೆಗಳ ಸಿಂಹಾಸನ ಭವನವಿದ್ದ ಜಾಗದ ಹಿಂದೆ, ಅಮೆರಿಕದೊಂದಿಗಿನ ಯುದ್ಧದ ಕಾಲದ ಸೇನಾ ಮುಖ್ಯಾಲಯವೂ ಅದರ ಕೆಳಗಿನ ನೆಲಮಾಳಿಗೆಯೂ ಇವೆ. ಜನರಲ್ ವೊ ಙುಯೆನ್ ಜಾಪ್ ಮತ್ತು ಸಂಗಡಿಗರು ಯುದ್ಧವನ್ನು ನಡೆಸಿದ್ದು ಅಲ್ಲಿಂದ.

ಕೋಟೆಯ ದಕ್ಷಿಣಕ್ಕಿರುವ ಸಾಹಿತ್ಯ ಮಂದಿರ, ವಾನ್ ಮಿಯೆವ್, 1070ರಲ್ಲಿ ಕನ್‌ಫ್ಯೂಷಿಯಸನ ಆರಾಧನೆಗಾಗಿ ಕಟ್ಟಲ್ಪಟ್ಟು, 1076ರಲ್ಲಿ ರಾಜವಿದ್ಯಾಲಯವನ್ನು ಪಡೆದ ಸ್ಥಳ. ಅಲ್ಲಿನ 82 ಶಿಲಾಶಾಸನಗಳಲ್ಲಿ, 1442ರಿಂದ 1779ರವರೆಗೆ ನಡೆದ ರಾಜಪರೀಕ್ಷೆಗಳಲ್ಲಿ ತೇರ್ಗಡೆಯಾದ 1,300ಕ್ಕೂ ಹೆಚ್ಚು ವಿದ್ವಾಂಸರ ಹೆಸರುಗಳಿವೆ. ಪ್ರತಿ ಶಾಸನವನ್ನೂ ಕಲ್ಲಿನ ಆಮೆಯೊಂದು ಬೆನ್ನ ಮೇಲೆ ಹೊತ್ತಿದೆ. ಪರೀಕ್ಷೆಗೆ ಹೋಗುವ ಮಕ್ಕಳು ಆಮೆಯ ತಲೆ ಸವರಿ ಸವರಿ ಕಲ್ಲು ನುಣುಪಾದ ಮೇಲೆ ಈಗ ಅಡ್ಡಗಟ್ಟೆ ಹಾಕಲಾಗಿದೆ. ಈ ಶಾಸನಗಳು ಚೀನೀ ಲಿಪಿಯಲ್ಲಿವೆ. ವಿಯೆಟ್ನಾಮೀಸ್ ಭಾಷೆ ಇಂದು ಬಳಸುವುದು ರೋಮನ್ ಅಕ್ಷರಗಳನ್ನು. 17ನೆಯ ಶತಮಾನದಲ್ಲಿ ಕ್ರೈಸ್ತ ಪಾದ್ರಿಗಳು ರೂಪಿಸಿದ ಆ ಲಿಪಿ 20ನೆಯ ಶತಮಾನದಲ್ಲಿ ಎಲ್ಲೆಡೆ ಹರಡಿ, 1919ರಲ್ಲಿ ಕೊನೆಯ ರಾಜಪರೀಕ್ಷೆ ಮುಗಿದ ಮೇಲೆ ಹಳೆಯ ಲಿಪಿ ವಿದ್ವಾಂಸರ ಪಾಲಿಗಷ್ಟೇ ಉಳಿಯಿತು. ಹೀಗಾಗಿ ಇಂದು ಪದವಿಯ ನಿಲುವಂಗಿ ತೊಟ್ಟು ಅಥವಾ ‘ಆವ್ ಯಾಯ್’ ಎಂಬ ನೀಳವಾದ ಸಾಂಪ್ರದಾಯಿಕ ಉಡುಪು ಧರಿಸಿ ಛಾಯಾಚಿತ್ರಕ್ಕಾಗಿ ಇಲ್ಲಿಗೆ ಬರುವ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ತಮ್ಮ ಪೂರ್ವಿಕ ವಿದ್ವಾಂಸರ ಹೆಸರುಗಳನ್ನು ಓದಲು ಬರುವುದಿಲ್ಲ. ಆದರೂ ಚಾಂದ್ರಮಾನ ಹೊಸವರ್ಷವಾದ ‘ತೇತ್’ ಬಂದಾಗ ಮಂದಿರದ ಎದುರು ಕುಳಿತ ಬರಹಗಾರರಿಂದ ಕೆಂಪು ಕಾಗದದ ಮೇಲೆ ‘ಭಾಗ್ಯ’, ‘ಮನಶ್ಶಾಂತಿ’ ಮುಂತಾದ ಒಂದೊಂದು ಅಕ್ಷರವನ್ನು ಕುಂಚದಲ್ಲಿ ಬರೆಸಿಕೊಂಡು ಮನೆಯ ಗೋಡೆಗೆ ಹಾಕುವವರ ಸಾಲು ಕರಗುವುದಿಲ್ಲ. ಕಳೆದುಕೊಂಡ ಲಿಪಿಯೊಂದರ ಬಗ್ಗೆ ಇಡೀ ನಗರ ಉಳಿಸಿಕೊಂಡಿರುವ ಈ ಗೌರವ ಮನಮುಟ್ಟುವಂಥದು.

ಹಳೆಯ ಪೇಟೆಯ ದಕ್ಷಿಣದ ಅಂಚಿನಲ್ಲಿರುವ ಹೋವಾನ್ ಕಿಯೆಮ್ ಕೆರೆ ಊರಿನವರೆಲ್ಲರ ಅಂಗಳ. 15ನೆಯ ಶತಮಾನದಲ್ಲಿ ಚೀನಾದ ಮಿಂಗ್ ಸೇನೆಯನ್ನು ಓಡಿಸಿದ ಲೇ ಲೊಯ್ ಎಂಬ ದೊರೆ ತನಗೆ ದೈವದತ್ತವಾಗಿ ಬಂದಿದ್ದ ಖಡ್ಗವನ್ನು ಇಲ್ಲಿ ಒಂದು ಮಹಾಕೂರ್ಮಕ್ಕೆ ಹಿಂದಿರುಗಿಸಿದನೆಂಬುದು ಐತಿಹ್ಯ. ‘ಖಡ್ಗ ಹಿಂದಿರುಗಿಸಿದ ಕೆರೆ’ ಎಂದೇ ಅದರ ಹೆಸರಿನ ಅರ್ಥ. ಐತಿಹ್ಯಕ್ಕೆ ಜೀವಂತ ಸಾಕ್ಷಿಯೆಂಬಂತೆ ಈ ಕೆರೆಯಲ್ಲಿ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು ಉಳಿದಿರುವ ದೈತ್ಯ ಮೃದುಚಿಪ್ಪಿನ ಆಮೆಯೊಂದು ಬಹುಕಾಲ ಇತ್ತು. 2016ರ ಜನವರಿಯಲ್ಲಿ ಅದು ಸತ್ತಾಗ ನಗರ ಹಿರಿಯರನ್ನು ಕಳೆದುಕೊಂಡಂತೆ ದುಃಖಿಸಿತು, ಅದರ ದೇಹವನ್ನು ಕೆಡದಂತೆ ಸಂಸ್ಕರಿಸಿ ಕೆರೆಯ ನಡುಗಡ್ಡೆಯ ಙೊಕ್ ಸನ್ ಗುಡಿಯಲ್ಲಿ ಇರಿಸಲಾಗಿದೆ. ಅದೇ 2016ರಿಂದ ವಾರಾಂತ್ಯಗಳಲ್ಲಿ ಕೆರೆಯ ಸುತ್ತ ವಾಹನ ನಿಲ್ಲಿಸಿ ಬೀದಿಗಳನ್ನು ನಡೆಯುವವರಿಗೆ ಬಿಟ್ಟುಕೊಡುತ್ತಾರೆ.

ಫ್ರೆಂಚರು ನಗರಕ್ಕೆ ಕೊಟ್ಟದ್ದನ್ನೂ ನಗರದಿಂದ ಕಿತ್ತುಕೊಂಡದ್ದನ್ನೂ ಒಟ್ಟಿಗೇ ನೋಡಬೇಕಾಗುತ್ತದೆ. 1886ರಲ್ಲಿ ಪೂರ್ಣಗೊಂಡ ಸೇಂಟ್ ಜೋಸೆಫ್ ಚರ್ಚ್ ನಿಂತಿರುವುದು ಪುರಾತನ ಬೌದ್ಧ ವಿಹಾರವೊಂದರ ನಿವೇಶನದಲ್ಲಿ. ಕೆರೆಯ ದಕ್ಷಿಣದ ಅಗಲವಾದ ಸಾಲುಮರದ ರಸ್ತೆಗಳು ಮತ್ತು 1911ರಲ್ಲಿ ಮುಗಿದ ಒಪೆರಾ ಭವನ ಅವರ ಕಾಲದವೇ. ಅವರ ಕಾಮಗಾರಿಗಳಲ್ಲಿ ಜನ ನಿಜವಾಗಿ ತಮ್ಮದಾಗಿಸಿಕೊಂಡದ್ದು 1902ರಲ್ಲಿ ತೆರೆದ, ಸುಮಾರು 1,700 ಮೀಟರ್ ಉದ್ದದ ಲಾಂಗ್ ಬಿಯೆನ್ ಉಕ್ಕಿನ ಸೇತುವೆ. ಆಗಿನ ಗವರ್ನರ್ ಜನರಲ್ ಪಾಲ್ ಡೂಮೇರನ ಹೆಸರು ಹೊತ್ತು, ಸಾವಿರಾರು ವಿಯೆಟ್ನಾಮೀ ಕೂಲಿಗಳ ದುಡಿಮೆಯಿಂದ ಎದ್ದ ಈ ಸೇತುವೆಯ ಮೇಲೆ ಅಮೆರಿಕದ ವಿಮಾನಗಳು 1967ರಿಂದ 1972ರ ನಡುವೆ ಮತ್ತೆ ಮತ್ತೆ ಬಾಂಬು ಹಾಕಿದುವು. ಪ್ರತಿ ಸಲವೂ ದುರಸ್ತಿ ನಡೆಯಿತು. ಕಮಾನುಗಳು ಕುಸಿದ ಕಡೆ ಚಪ್ಪಟೆಯಾದ ಹೊಸ ತೊಲೆಗಳು ಬಂದಿರುವುದರಿಂದ ಅದರ ಏರಿಳಿತದ ಅಂಚು ನಡುವೆ ಕಡಿದಂತೆ ಕಾಣುತ್ತದೆ. ಇಂದಿಗೂ ಮಧ್ಯದಲ್ಲಿ ರೈಲು, ಎರಡೂ ಪಕ್ಕ ದ್ವಿಚಕ್ರ ವಾಹನ ಮತ್ತು ಪಾದಚಾರಿಗಳು. ದೇಶವೆಲ್ಲ ಬಲಬದಿಯಲ್ಲಿ ಸಾಗುವಾಗ ಈ ಸೇತುವೆಯ ಮೇಲೆ ಮಾತ್ರ ಸಂಚಾರ ಎಡಬದಿಯಲ್ಲಿ.

ಕೊಳವೆ ಮನೆಗಳೂ ಯುದ್ಧವನ್ನು ಕಂಡಿವೆ. 1946ರ ಡಿಸೆಂಬರಿನಲ್ಲಿ ಫ್ರೆಂಚರ ವಿರುದ್ಧ ಕಾಳಗ ಆರಂಭವಾದಾಗ ಹೋರಾಟಗಾರರು ಅಂಟಿಕೊಂಡಿದ್ದ ಮನೆಗಳ ನಡುಗೋಡೆಗಳಲ್ಲಿ ಕಿಂಡಿ ಕೊರೆದು, ಬೀದಿಗೆ ಇಳಿಯದೆಯೇ ಪೇಟೆಯ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗುವ ಗುಪ್ತಮಾರ್ಗ ಮಾಡಿಕೊಂಡರು. ಅಭಾವ ಆ ಕಾಲದಿಂದ ಹಲವು ದಶಕ ನಗರದ ಸಂಗಾತಿಯಾಯಿತು, ಮತ್ತು ಇಂದು ಪ್ರವಾಸಿಗರು ಹುಡುಕಿಕೊಂಡು ಹೋಗುವ ಕೆಲವು ರುಚಿಗಳು ಹುಟ್ಟಿದ್ದು ಅಭಾವದಿಂದಲೇ. ಹಾಲು ಸಿಗದಿದ್ದ 1946ರಲ್ಲಿ ಮೆಟ್ರೊಪೋಲ್ ಹೋಟೆಲಿನ ನೌಕರ ಙುಯೆನ್ ವಾನ್ ಜಾಂಗ್ ಮೊಟ್ಟೆಯ ಹಳದಿಯನ್ನು ಸಕ್ಕರೆಯೊಂದಿಗೆ ನೊರೆಯಾಗುವಂತೆ ಕಡೆದು ಕಡುಕಾಫಿಯ ಮೇಲೆ ಹಾಕಿದರು. ಅವರ ಕುಟುಂಬದ ಕಾಫಿಯಂಗಡಿ ಈಗಲೂ ನಡೆಯುತ್ತಿದೆ. ಮೂಳೆಯ ಸಾರಿನಲ್ಲಿ ಅಕ್ಕಿಯ ಶಾವಿಗೆಯನ್ನು ಹಾಕಿ ಕೊಡುವ ‘ಫೊ’ ಎಂಬ ಖಾದ್ಯಕ್ಕೆ 1960ರ ದಶಕದಲ್ಲಿ ಮಾಂಸ ದೊರೆಯದಿದ್ದಾಗ, ಆಕಾಶದಲ್ಲಿ ಹಾರಾಡುತ್ತಿದ್ದ ಅಮೆರಿಕದ ಮಾನವರಹಿತ ಬೇಹು ವಿಮಾನಗಳನ್ನು ನೆನೆದು ಜನರು ಅದನ್ನು ‘ಪೈಲಟ್ ಇಲ್ಲದ ಫೊ’ ಎಂದು ಕರೆದರು.

ಕಾಫಿಯ ಮಾತು ಬಂದಾಗ ಕರ್ನಾಟಕದ ಓದುಗರಿಗೆ ಒಂದು ಸಂಗತಿಯನ್ನು ನೆನಪಿಸಬೇಕು. ಬ್ರೆಜಿಲಿನ ನಂತರ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಂ, ರೊಬಸ್ಟಾದಲ್ಲಂತೂ ಅದೇ ಮೊದಲು. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಹನೋಯಿಯ ಲೋಟಗಳಿಗೆ ಬೀಜ ಬರುವ ಮಧ್ಯ ವಿಯೆಟ್ನಾಮಿನ ಎತ್ತರದ ನಾಡಿನಲ್ಲಿ ಮಳೆ ಕೈಕೊಟ್ಟರೆ ಕೊಡಗು, ಚಿಕ್ಕಮಗಳೂರುಗಳಲ್ಲಿ ರೊಬಸ್ಟಾ ಧಾರಣೆ ಏರುತ್ತದೆ. ಅಲ್ಲಿನ ಕಾಳುಮೆಣಸು ಅಗ್ಗವಾಗಿ ಭಾರತಕ್ಕೆ ಹರಿದರೆ ಮಲೆನಾಡಿನ ಬೆಳೆಗಾರರ ಮುಖ ಬಾಡುತ್ತದೆ. 2017ರಲ್ಲಿ ಕೇಂದ್ರ ಸರಕಾರ ಮೆಣಸಿಗೆ ಕಿಲೋಗೆ 500 ರೂಪಾಯಿಗಳ ಕನಿಷ್ಠ ಆಮದು ದರವನ್ನು ನಿಗದಿಪಡಿಸಿದ್ದು ಈ ಅಗ್ಗದ ಆಮದನ್ನು ತಡೆಯಲಿಕ್ಕಾಗಿ.

ಅಭಾವದ ಕಾಲ ಮುಗಿಯಲು ದಾರಿಯಾದದ್ದು 1986ರ ಡಿಸೆಂಬರಿನಲ್ಲಿ ಕಮ್ಯುನಿಸ್ಟ್ ಪಕ್ಷ ಅಂಗೀಕರಿಸಿದ ‘ದೊಯ್ ಮೊಯ್’, ಅಂದರೆ ನವೀಕರಣ, ಎಂಬ ಆರ್ಥಿಕ ಸುಧಾರಣೆ. ಪಡಿತರ ಚೀಟಿಗಳು ಹೋಗಿ, ಖಾಸಗಿ ವ್ಯಾಪಾರಕ್ಕೆ ಅವಕಾಶ ಬಂದದ್ದೇ ತಡ, ಹಳೆಯ ಪೇಟೆಯ ಅಂಗಡಿಗಳ ಬಾಗಿಲು ಮತ್ತೆ ತೆರೆದುವು. 2008ರಲ್ಲಿ ಪಕ್ಕದ ಪ್ರಾಂತವೊಂದನ್ನು ಸೇರಿಸಿಕೊಂಡು ನಗರದ ವ್ಯಾಪ್ತಿ 3,300 ಚದರ ಕಿಲೋಮೀಟರುಗಳನ್ನು ದಾಟಿತು. ಜನಸಂಖ್ಯೆ ಈಗ 80 ಲಕ್ಷಕ್ಕೂ ಹೆಚ್ಚು. ಪಶ್ಚಿಮದ ಹೊಸ ಬಡಾವಣೆಗಳಲ್ಲಿ 72 ಅಂತಸ್ತಿನ ಗೋಪುರವೂ ಎದ್ದಿದೆ. ಆದರೆ ಹೊಸ ಹನೋಯಿಯ ಬಗ್ಗೆ ಹೆಚ್ಚು ಹೇಳುವುದು ಗೋಪುರಗಳಲ್ಲ, ಎಲ್ಲೆಲ್ಲೂ ಎದ್ದಿರುವ ಕಾಂಕ್ರೀಟಿನ ಮನೆಗಳು: ತೆರಿಗೆಯ ಹಳೆಯ ಲೆಕ್ಕ ಹೋಗಿ ಎಷ್ಟೋ ಕಾಲವಾದರೂ, ಬಯಲಿನ ನಡುವೆ ಒಂಟಿಯಾಗಿ ನಿಂತ ಮನೆಯೂ ಮೂರು ನಾಲ್ಕು ಮೀಟರ್ ಅಗಲಕ್ಕೆ ಐದಾರು ಅಂತಸ್ತು ಎತ್ತರ, ಕೆಳಗೆ ಅಂಗಡಿ, ಮೇಲೆ ಪಿತೃಪೀಠ. ಹಿಂದಕ್ಕೆ ಚಾಚುತ್ತಿದ್ದ ಕೊಳವೆ ಈಗ ಮೇಲಕ್ಕೆ ಚಾಚಿದೆ.

ಅಗಲವೇ ಇಲ್ಲದ ಇಂಥ ಊರಿಗೆ ಒಪ್ಪುವ ವಾಹನ ಮೋಟಾರ್‌ಬೈಕ್ ಅಲ್ಲದೆ ಬೇರೆ ಇರಲಾರದು. ನಗರದಲ್ಲಿ 60 ಲಕ್ಷಕ್ಕೂ ಹೆಚ್ಚು ಬೈಕುಗಳಿವೆ. ಹೊಸಬರು ರಸ್ತೆ ದಾಟುವಾಗ ಓಡದೆ, ನಿಲ್ಲದೆ, ಒಂದೇ ಗತಿಯಲ್ಲಿ ನಡೆದರೆ ಸವಾರರು ತಾವಾಗಿ ಬಳಸಿಕೊಂಡು ಸಾಗುತ್ತಾರೆ. ಒಮ್ಮೆ ಇಲ್ಲಿ ಟ್ರಾಮ್ ಇತ್ತು. 20ನೆಯ ಶತಮಾನದ ಆರಂಭದಿಂದ ಕೆರೆಯ ದಂಡೆಯಿಂದ ಹೊರಡುತ್ತಿದ್ದ ಅದರ ಹಳಿಗಳನ್ನು 1990ರ ದಶಕದ ಆರಂಭದ ಹೊತ್ತಿಗೆ ಕಿತ್ತುಹಾಕಲಾಯಿತು. ಮೂರು ದಶಕಗಳ ನಂತರ, 2021ರ ನವೆಂಬರಿನಲ್ಲಿ, 13 ಕಿಲೋಮೀಟರುಗಳ ಮೊದಲ ಮೆಟ್ರೊ ಮಾರ್ಗವೂ 2024ರಲ್ಲಿ ಎರಡನೆಯದರ ಮೇಲ್ಸೇತುವೆ ಭಾಗವೂ ಆರಂಭವಾದುವು.

ಅಭಿವೃದ್ಧಿಯ ಈ ಅವಸರದಲ್ಲಿ ಹನೋಯಿಯ ಜನ ಒಟ್ಟಾಗಿ ಬೇಡವೆಂದದ್ದು ಮರ ಕಡಿಯುವುದನ್ನು. 2015ರಲ್ಲಿ ನಗರಾಡಳಿತ ಸುಮಾರು 6,700 ಮರಗಳನ್ನು ಬದಲಿಸಲು ಹೊರಟಾಗ ಎದ್ದ ಪ್ರತಿಭಟನೆ, ಬಹಿರಂಗ ವಿರೋಧ ಅಪರೂಪವಾದ ಆ ದೇಶದಲ್ಲಿ, ಯೋಜನೆಯನ್ನೇ ನಿಲ್ಲಿಸಿತು. ಶರತ್ಕಾಲದಲ್ಲಿ ಇಲ್ಲಿನ ಸಂಜೆಗಳನ್ನು ಗಾಢ ಪರಿಮಳದಿಂದ ತುಂಬುವ ‘ಹೋವಾ ಸುವಾ’ ಕನ್ನಡಿಗರಿಗೆ ಹೊಸದಲ್ಲ. ಅದು ಸಪ್ತಪರ್ಣಿ, ಆಟಿ ಅಮಾವಾಸ್ಯೆಯಂದು ತುಳುನಾಡಿನವರು ತೊಗಟೆಯ ಕಷಾಯ ಕುಡಿಯುವ ಹಾಲೆ ಮರ. ಅದು ಹೂಬಿಡುವ ಅಕ್ಟೋಬರ್, ನವೆಂಬರ್ ತಿಂಗಳುಗಳೇ ಈ ನಗರವನ್ನು ನೋಡಲು ಹೆಚ್ಚು ಹಿತವಾದ ಕಾಲ. ಸಸ್ಯಾಹಾರಿಗಳು ‘ಚಾಯ್’ ಎಂಬ ಫಲಕವಿರುವ ಹೋಟೆಲುಗಳನ್ನು ಹುಡುಕಬೇಕು. ಚಾಂದ್ರಮಾಸದ ಮೊದಲ ದಿನ ಮತ್ತು ಹುಣ್ಣಿಮೆಯಂದು ಬೌದ್ಧರಲ್ಲಿ ಅನೇಕರು ಮಾಂಸ ಬಿಡುವುದರಿಂದ ಅಂಥ ಊಟ ಆ ದಿನಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಉಳಿದೆಡೆ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಬೀಳುವ ಸಾಧ್ಯತೆಯಿದೆ.

ಕಿರಿದಾದ ಮನೆಗಳ ಬದುಕಿಗೆ ಅಪಾಯವೂ ಅಂಟಿಕೊಂಡಿದೆಯೆಂಬುದನ್ನು 2023ರ ಸೆಪ್ಟೆಂಬರಿನ ಒಂದು ರಾತ್ರಿ ಕ್ರೂರವಾಗಿ ತೋರಿಸಿತು. ಕೊಳವೆ ಮನೆಯ ಮಾದರಿಯನ್ನೇ ಹಿಗ್ಗಿಸಿ ಇಕ್ಕಟ್ಟಾದ ಓಣಿಗಳಲ್ಲಿ ಕಟ್ಟುವ ‘ಕಿರು ಅಪಾರ್ಟ್‌ಮೆಂಟ್’ಗಳಲ್ಲಿ ಒಂದರ ನೆಲಮಹಡಿಯಲ್ಲಿ, ಬೈಕುಗಳನ್ನು ನಿಲ್ಲಿಸುವ ಜಾಗದಲ್ಲಿ ಹೊತ್ತಿಕೊಂಡ ಬೆಂಕಿಗೆ 56 ಜನ ಬಲಿಯಾದರು. ಅನುಮತಿಗಿಂತ ಹೆಚ್ಚು ಅಂತಸ್ತುಗಳನ್ನು ಕಟ್ಟಲಾಗಿತ್ತು, ಹೊರಹೋಗುವ ದಾರಿ ಬೆಂಕಿಯಿದ್ದ ಕಡೆಗೇ ಇತ್ತು, ಅಗ್ನಿಶಾಮಕ ವಾಹನಗಳು ಓಣಿಯೊಳಗೆ ನುಗ್ಗಲಾಗಲಿಲ್ಲ. ಹಳೆಯ ಕೊಳವೆ ಮನೆಯಲ್ಲಿ ಗಾಳಿ ಬೆಳಕಿಗೆಂದು ಬಿಡುತ್ತಿದ್ದ ಅಂಗಳವನ್ನು ಕೈಬಿಟ್ಟು ಕಿರಿದಾದ ಅಗಲವನ್ನಷ್ಟೇ ಉಳಿಸಿಕೊಂಡದ್ದು ಹೊಸ ಕಾಲದ ಕಟ್ಟಡಗಾರಿಕೆಯ ದೊಡ್ಡ ತಪ್ಪು.

ಈ ದುರಂತದ ನೆನಪು ಮಾಸುವ ಮುನ್ನವೇ, 2025ರ ಜುಲೈನಲ್ಲಿ, ಉಸಿರುಗಟ್ಟಿಸುವ ಹೊಗೆಯನ್ನು ತಗ್ಗಿಸಲೆಂದು, ನಗರದ ಒಳಗಿನ ಮೊದಲ ವರ್ತುಲ ರಸ್ತೆಯೊಳಗೆ 2026ರ ಜುಲೈ 1ರಿಂದ ಪೆಟ್ರೋಲ್ ಬೈಕುಗಳು ಓಡಬಾರದೆಂದು ವಿಯೆಟ್ನಾಮಿನ ಪ್ರಧಾನಮಂತ್ರಿ ನಿರ್ದೇಶನ ಹೊರಡಿಸಿದರು. ಹಳೆಯ ಪೇಟೆ ಸಂಪೂರ್ಣವಾಗಿ ಆ ವರ್ತುಲದೊಳಗಿದೆ. ಗಾಳಿ ಶುಚಿಯಾಗಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ, ವಿದ್ಯುತ್ ಬೈಕುಗಳು ಅಲ್ಲಿ ಈಗಾಗಲೇ ಸಾಕಷ್ಟು ಓಡುತ್ತಿವೆ. ಕಷ್ಟವಿರುವುದು ಅವುಗಳನ್ನು ಚಾರ್ಜ್ ಮಾಡುವ ಜಾಗದಲ್ಲಿ: ಹಗಲು ಅಂಗಡಿಯಾಗಿ, ರಾತ್ರಿ ಮನೆಮಂದಿಯ ಬೈಕುಗಳ ನಿಲುಗಡೆಯಾಗಿ, ಮಲಗುವ ಕೋಣೆಗಳಿಗೆ ಏಕೈಕ ಹಾದಿಯಾಗಿ ದುಡಿಯುವ ಮೂರು ಮೀಟರ್ ಅಗಲದ ನೆಲಮಹಡಿಯಲ್ಲಿ ರಾತ್ರಿಯಿಡೀ ಬ್ಯಾಟರಿಗಳನ್ನು ಚಾರ್ಜಿಗೆ ಹಾಕಲು 2023ರ ನಂತರ ಜನ ಹೆದರುತ್ತಾರೆ. ಬ್ಯಾಟರಿ ಬದಲಿಸಿಕೊಳ್ಳುವ ಕಪಾಟುಗಳನ್ನು ಬೀದಿಬದಿಯಲ್ಲಿ ನಿಲ್ಲಿಸುವುದು ಒಂದು ದಾರಿ. ಆದರೆ ಹಳೆಯ ಪೇಟೆಯ ಕಾಲುದಾರಿಯ ಮೇಲೆ ಕಪಾಟಿಗೆ ಜಾಗ ಬಿಡಬೇಕಾದರೆ ಫೊ ಮಾರುವಾಕೆಯ ಒಲೆ, ಗಿಡ್ಡ ಸ್ಟೂಲುಗಳು ಮತ್ತು ಪಕ್ಕದ ಅಂಗಡಿಯ ಸರಕುಗಳಲ್ಲಿ ಯಾವುದಾದರೊಂದು ಸರಿಯಬೇಕಾಗುತ್ತದೆ, ಅದು ಯಾವುದೆಂಬುದನ್ನು ನಗರಾಡಳಿತ ಬೀದಿಬೀದಿಯ ಜನರೊಂದಿಗೆ ಕುಳಿತು ತೀರ್ಮಾನಿಸಬೇಕಾಗಿದೆ.